ಕೋಳಿ ಸಿಸ್ಟರಿನ ಎಡ ಮುಂಗೈ

ಆಸ್ಪತ್ರೆಯಲ್ಲಿ ನನ್ನದು ಸೋಂಕು ತಡೆಯುವ ಕೆಲಸ. ನಾನೂ ನರ್ಸೇ, ಆದರೆ ರೋಗಿಗಳ ನಾಡಿ ಹಿಡಿದು ಎಷ್ಟೋ ವರ್ಷವಾಯಿತು. ಯಾರು ಕೈ ತೊಳೆದರು, ಯಾರು ತೊಳೆದ ಹಾಗೆ ನಟಿಸಿದರು ಎಂದು ಒಂದು ವಾರ್ಡಿನಿಂದ ಇನ್ನೊಂದಕ್ಕೆ ತಿರುಗುತ್ತ ಕಣ್ಣಿಡುವುದೇ ನನ್ನ ನೌಕರಿ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಸೋಪಮ್ಮ ಅನ್ನುತ್ತಾರೆ. ಎದುರಿಗೇ ಅಂದರೂ ನನಗೆ ಬೇಜಾರಿಲ್ಲ. ಅದಕ್ಕಿಂತ ಕೆಟ್ಟ ಹೆಸರಿಗೆ ನಾನು ಯೋಗ್ಯಳು. ಅದು ಯಾಕೆ ಎನ್ನುವುದು ಕೋಳಿ ಸಿಸ್ಟರ್ ಬಗ್ಗೆ ಹೇಳಿದರೆ ತಾನಾಗಿ ತಿಳಿಯುತ್ತದೆ.

ಅವಳಿಗೆ ಆ ಹೆಸರು ಬಂದದ್ದು ಎಡ ಮುಂಗೈ ಮೇಲಿನ ಹಚ್ಚೆಯಿಂದ. ನರ್ಸಿಂಗ್ ಓದಿನ ಕೊನೆಯ ವರ್ಷದಲ್ಲಿದ್ದಾಗ ಅವಳ ತಮ್ಮ ಒಂದು ಅಂಗಡಿಯಲ್ಲಿ ಹಚ್ಚೆ ಹಾಕುವುದನ್ನು ಕಲಿಯುತ್ತಿದ್ದನಂತೆ. ಮೊದಲು ಒಂದು ಜೀವಂತ ಚರ್ಮದ ಮೇಲೆ ಹಾಕಿ ತೋರಿಸು, ಆಮೇಲೆ ಗಿರಾಕಿ ಕೊಡುತ್ತೇನೆ ಎಂದು ಅಂಗಡಿಯವನು ಪಟ್ಟು ಹಿಡಿದ. ಕಲಿಯುವವನ ಸೂಜಿಗೆ ಯಾರು ತಾನೇ ತೋಳು ಒಡ್ಡುತ್ತಾರೆ? ಅಕ್ಕ ಒಡ್ಡಿದಳು. ಅವನು ಬರೆಯಹೊರಟದ್ದು ರೆಕ್ಕೆ ಚಾಚಿದ ಹದ್ದು. ಭಯಕ್ಕೆ ಅವನ ಕೈ ನಡುಗಿತು. ಒಂದು ರೆಕ್ಕೆ ದಪ್ಪಗಾಯಿತು, ಇನ್ನೊಂದಕ್ಕೆ ಮಣಿಕಟ್ಟಿನ ಹತ್ತಿರ ಜಾಗ ಸಾಲಲಿಲ್ಲ, ಕುತ್ತಿಗೆ ಸೊಟ್ಟಗಾಯಿತು. ಮುಗಿಸಿ ಒರೆಸಿ ನೋಡಿದರೆ ಯಾರೋ ಅಟ್ಟಿಸಿಕೊಂಡು ಬಂದಿದ್ದಕ್ಕೆ ಹಾರಲು ನೋಡುತ್ತಿರುವ ಕೋಳಿ. ತಮ್ಮ ಅಲ್ಲೇ ಕೂತು ಅತ್ತನಂತೆ. ಹದ್ದು ಕಟ್ಟಿಕೊಂಡು ಏನು ಮಾಡಲಿ, ಕೋಳಿಯಾದರೆ ಮೊಟ್ಟೆಯನ್ನಾದರೂ ಇಡುತ್ತದೆ ಎಂದು ಇವಳೇ ಅವನನ್ನು ಸಮಾಧಾನ ಮಾಡಿದಳಂತೆ. ಈ ಸಂಗತಿಯನ್ನು ಅವಳು ಹೇಳುವಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವಳು ಮಾತ್ರ ಮುಖದ ಒಂದು ಗೆರೆಯೂ ಅಲುಗದ ಹಾಗೆ ಹೇಳುತ್ತಿದ್ದಳು.

ಕೆಲಸ ಹುಡುಕುವಾಗ ಯಾರಿಗೂ ನಗು ಬರಲಿಲ್ಲ. ಒಂದು ಆಸ್ಪತ್ರೆಯಲ್ಲಿ, ರೋಗಿಗಳು ಹೆದರಿಕೊಳ್ಳುತ್ತಾರೆ ಎಂದರು. ಇನ್ನೊಂದು ಕಡೆ ಸಂದರ್ಶನಕ್ಕೆ ಕೂತಿದ್ದ ಮುದುಕರೊಬ್ಬರು, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದೀಯಾ ಎಂದು ಕೇಳಿದರು. ಮೂರನೆಯ ಕಡೆ ಕೆಲಸ ಕೊಟ್ಟರು, ಆದರೆ ನೆಲಮಾಳಿಗೆಯಲ್ಲಿ ಹಳೆಯ ಕಡತ ಜೋಡಿಸುವ ಕೆಲಸ. ಅಂಕಪಟ್ಟಿಯಲ್ಲಿ ಅವಳೇ ಕಾಲೇಜಿಗೆ ಎರಡನೆಯವಳು. ಅದನ್ನು ಯಾರು ನೋಡಿದರು? ಎಲ್ಲರ ಕಣ್ಣೂ ಒಂದು ಗೇಣು ಚರ್ಮದ ಮೇಲೆ. 

ನಮ್ಮ ಆಸ್ಪತ್ರೆಗೆ ಅವಳು ಬಂದಾಗ ಎನ್‌ಐಸಿಯು, ಅಂದರೆ ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಘಟಕವನ್ನು, ದೊಡ್ಡ ಸಿಸ್ಟರ್ ನೋಡಿಕೊಳ್ಳುತ್ತಿದ್ದರು. ಅವರು ಏನೂ ಕೇಳಲಿಲ್ಲ. ಮೊಣಕೈವರೆಗೆ ತೊಳೆದುಕೊಂಡು ಒಳಗೆ ಬಾ ಎಂದರು. ಆ ದಿನ ಒಂಬೈನೂರು ಗ್ರಾಂ ತೂಕದ ಒಂದು ಕೂಸಿಗೆ ಡ್ರಿಪ್ ಸೂಜಿ ಹಾಕಲು ಮೂವರು ಪ್ರಯತ್ನಿಸಿ ಸೋತಿದ್ದರು. ಕೂದಲೆಳೆಯಂಥ ರಕ್ತನಾಳ. ಇವಳು ಬೆರಳುಗಳನ್ನು ಬಾಯಿಂದ ಊದದೆ ಬಿಸಿ ದೀಪದ ಕೆಳಗೆ ಹಿಡಿದು ಬೆಚ್ಚಗೆ ಮಾಡಿಕೊಂಡಳು, ಕೂಸಿನ ಅಂಗೈ ಸವರಿದಳು, ಒಂದೇ ಸಲಕ್ಕೆ ಹಾಕಿದಳು. ದೊಡ್ಡ ಸಿಸ್ಟರ್ ಅವಳ ಕೋಳಿಯನ್ನು ನೋಡಿದ್ದು ಆಮೇಲೆ. ಕೂಸುಗಳು ತೋಳು ನೋಡುವುದಿಲ್ಲ ಎಂದು ಹೇಳಿ ನೇಮಕದ ಕಾಗದಕ್ಕೆ ಸಹಿ ಹಾಕಿಸಿದರು.

ಆ ಘಟಕದಲ್ಲಿ ಹಚ್ಚೆ ಮುಚ್ಚುವ ಪ್ರಶ್ನೆಯೇ ಇರಲಿಲ್ಲ. ಎರಡು ಬಾಗಿಲುಗಳ ನಡುವೆ ಒಂದು ಸಿಂಕು, ಮೊಣಕೈಯಿಂದ ತಿರುಗಿಸುವ ನಲ್ಲಿ, ಎದುರಿಗೆ ಗೋಡೆ ಗಡಿಯಾರ. ಎರಡು ನಿಮಿಷ, ಬೆರಳ ತುದಿಯಿಂದ ಮೊಣಕೈವರೆಗೆ ಸೋಪು. ಸಿಂಕಿನ ಪಕ್ಕ ಕೊಕ್ಕೆಗಳ ಒಂದು ಹಲಗೆ. ಗಡಿಯಾರ, ಬಳೆ, ಉಂಗುರ ಎಲ್ಲ ಅಲ್ಲಿ ಬಿಚ್ಚಿಡಬೇಕು. ಮೊಣಕೈ ಕೆಳಗೆ ಒಂದು ದಾರವೂ ಇರಕೂಡದು ಎನ್ನುವುದು ನನ್ನ ನಿಯಮ. ನನ್ನ ಕೈಬರಹದಲ್ಲೇ ಬಾಗಿಲ ಮೇಲೆ ಅಂಟಿಸಿತ್ತು. ಹೊರಗಿನವರ ಮೂಗು ಮುರಿತ ಏನಿದ್ದರೂ ಎರಡನೆಯ ಬಾಗಿಲಿನ ಆಚೆಗೆ ನಿಲ್ಲುತ್ತಿತ್ತು.

ಹನ್ನೊಂದು ವರ್ಷ ಅವಳು ಅಲ್ಲಿ ದುಡಿದಳು. ರಕ್ತನಾಳ ಹುಡುಕುವುದರಲ್ಲಿ ಅವಳದು ಎತ್ತಿದ ಕೈ. ಎಳೆಗೂಸುಗಳಿಗೆ ಒಂದು ಕೆಟ್ಟ ಅಭ್ಯಾಸವಿದೆ, ಉಸಿರಾಡುವುದನ್ನೇ ಮರೆತುಬಿಡುತ್ತವೆ. ಆಗ ಯಂತ್ರ ಕೂಗುತ್ತದೆ, ಯಾರಾದರೂ ಅಂಗಾಲಿಗೆ ತಟ್ಟಿ ನೆನಪಿಸಬೇಕು. ಇವಳು ತಟ್ಟುತ್ತ, ಏಳೋ ಸೋಮಾರಿ, ಕೋಳಿ ಕೂಗಿತು ಎನ್ನುತ್ತಿದ್ದಳು. ಅವು ಏಳುತ್ತಿದ್ದವು. ತಾಯಂದಿರೂ ಹಾಗೇ ಅನ್ನಲು ಕಲಿತರು. ಮನೆಗೆ ಹೋದ ಮಕ್ಕಳು ವರ್ಷ ತುಂಬಿದಾಗ ಬಂದು ಅವಳ ತೋಳಿನ ಮೇಲಿನ ಕೋಳಿ ತೋರಿಸಿ ಕೇಕೆ ಹಾಕುತ್ತಿದ್ದವು. ಅವಳು ಮದುವೆಯಾಗಲಿಲ್ಲ. ಅಪ್ಪ ಅಮ್ಮ ಇರಲಿಲ್ಲ, ತಮ್ಮನನ್ನು ಓದಿಸಿ, ಅಂಗಡಿ ಹಾಕಿಸಿ, ಮದುವೆ ಮಾಡಿಸಿದಳು. ತನ್ನದು ಅಂತ ಅವಳಿಗೆ ಇದ್ದದ್ದು ಆ ಹತ್ತು ಗಾಜಿನ ಪೆಟ್ಟಿಗೆಗಳು.

ಆಮೇಲೆ ದೊಡ್ಡ ಸಿಸ್ಟರ್ ನಿವೃತ್ತರಾದರು. ಅದೇ ವರ್ಷ ನರ್ಸಿಂಗ್ ವಿಭಾಗದ ಮುಖ್ಯಸ್ಥೆಯಾಗಿ ಹೊಸ ಮೇಡಂ ಬಂದರು. ಆಸ್ಪತ್ರೆಗೆ ಗುಣಮಟ್ಟದ ಪ್ರಮಾಣಪತ್ರ ಕೊಡಿಸುತ್ತೇನೆ ಎಂದು ಮಾತು ಕೊಟ್ಟೇ ಬಂದಿದ್ದರು. ಕೆಟ್ಟವರಲ್ಲ, ಹಗಲಿರುಳು ದುಡಿಯುವವರು. ಆದರೆ ಕಣ್ಣಿಗೆ ಕಾಣುವುದೆಲ್ಲ ನೆಟ್ಟಗಿದ್ದರೆ ಕಾಣದ್ದೂ ನೆಟ್ಟಗಿರುತ್ತದೆ ಎಂದು ನಂಬಿದವರು. ದೂರಿನ ಪೆಟ್ಟಿಗೆಯಲ್ಲಿ ಒಂದು ಕೂಸಿನ ಅಜ್ಜಿ ಚೀಟಿ ಹಾಕಿದ್ದಳು: ರೌಡಿಗಳ ಥರ ತೋಳು ಇರುವವಳು ನನ್ನ ಮೊಮ್ಮಗನನ್ನು ಮುಟ್ಟುತ್ತಿದ್ದಾಳೆ. ಆ ಮೊಮ್ಮಗ ಬದುಕಿದ್ದೇ ಆ ತೋಳಿನಿಂದ. ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ವಾರದೊಳಗೆ ಆದೇಶ ಬಂತು. ಸಿಬ್ಬಂದಿಯ ಮೈಮೇಲಿನ ಹಚ್ಚೆ ಯಾರ ಕಣ್ಣಿಗೂ ಬೀಳಬಾರದು, ಮುಚ್ಚಿರಬೇಕು. ಆಸ್ಪತ್ರೆಯಲ್ಲಿ ಹಚ್ಚೆ ಇದ್ದ ಏಳೆಂಟು ಜನರಲ್ಲಿ ಉಳಿದವರೆಲ್ಲ ಉದ್ದ ತೋಳಿನ ಅಂಗಿ ತೊಟ್ಟು ಪಾರಾದರು. ಕೋಳಿ ಸಿಸ್ಟರ್ ಕೆಲಸ ಮಾಡುವ ಜಾಗದಲ್ಲಿ ಉದ್ದ ತೋಳಿಗೆ ಅವಕಾಶವೇ ಇಲ್ಲವಲ್ಲ ಎಂದು ನಾನು ಮೇಡಂ ಬಳಿ ಹೋಗಿ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡು, ಒಂದು ಸ್ಲೀವ್ ಹಾಕಿಕೊಳ್ಳಲಿ, ಒಳಗೆ ಕೆಲಸ ಮಾಡುವಾಗ ತೆಗೆಯಲಿ, ಹೊರಗಿನವರು ಇದ್ದಾಗ ಹಾಕಲಿ, ಅದರಲ್ಲಿ ಕಷ್ಟವೇನು ಎಂದರು. ನನಗೆ ಅಲ್ಲೇ ಜಗಳ ಕಾಯಬೇಕೆನ್ನಿಸಿತು. ಕಾಯಲಿಲ್ಲ. ಹಾಗಾಗಿ ನನ್ನ ನಿಯಮ, ಅವರ ನಿಯಮ ಎರಡೂ ಒಂದೇ ಬಾಗಿಲ ಮೇಲೆ ಅಕ್ಕಪಕ್ಕ ನೇತಾಡತೊಡಗಿದವು. ಎರಡನ್ನೂ ಒಟ್ಟಿಗೆ ಪಾಲಿಸಲು ಮನುಷ್ಯರಿಂದ ಸಾಧ್ಯವಿರಲಿಲ್ಲ.

ಸ್ಲೀವ್ ಎಂದರೆ ಮಣಿಕಟ್ಟಿನಿಂದ ಮೊಣಕೈವರೆಗೆ ಎಳೆದುಕೊಳ್ಳುವ, ಹಿಗ್ಗುವ ಬಟ್ಟೆಯ ಕೊಳವೆ. ಚರ್ಮದ ಬಣ್ಣದ್ದು ಎಂದು ಪೊಟ್ಟಣದ ಮೇಲಿತ್ತು. ಯಾರ ಚರ್ಮವೋ, ಇವಳದಂತೂ ಅಲ್ಲ. ಆಸ್ಪತ್ರೆಯಿಂದ ಎರಡು ಕೊಟ್ಟರು. ಮೇಡಂ ಯಾವ ಗಳಿಗೆಯಲ್ಲಿ ಯಾರನ್ನು ಕರೆದುಕೊಂಡು ಬರುತ್ತಾರೋ ಗೊತ್ತಿರುತ್ತಿರಲಿಲ್ಲ, ಅದಕ್ಕೆ ಕೋಳಿ ಸಿಸ್ಟರ್ ಅದನ್ನು ಸಿಂಕಿನ ಪಕ್ಕದ ಕೊಕ್ಕೆಗೆ ತಗುಲಿಸಿಡುತ್ತಿದ್ದಳು. ರೌಂಡ್ಸಿಗೆ ಬಂದವರ ಸುಳಿವು ಸಿಕ್ಕಿದರೆ ಬಾಗಿಲ ಬಳಿ ಇದ್ದವರು ಕೆಮ್ಮುತ್ತಿದ್ದರು, ಇವಳು ಎರಡೇ ಹೆಜ್ಜೆಗೆ ಹೋಗಿ ಎಳೆದುಕೊಂಡು ಬರುತ್ತಿದ್ದಳು. ಒಬ್ಬೊಬ್ಬರು ತೊಳೆದುಕೊಂಡಾಗಲೂ ನೀರು ಅದರ ಮೇಲೆ ಚಿಮ್ಮುತ್ತಿತ್ತು. ದಿನಾ ಮನೆಗೊಯ್ದು ಕುದಿಸಿ ಒಗೆದು ತಂದರೂ ಮಧ್ಯಾಹ್ನದ ಹೊತ್ತಿಗೆ ಒದ್ದೆ. ಅದನ್ನು ಬೇರೆ ಕಡೆ ಇಡಮ್ಮ ಎಂದು ನಾನೊಂದು ದಿನ ಅಂದೆ. "ಎಲ್ಲಿಡ್ಲಿ ಅಕ್ಕಾ? ಲಾಕರ್ ಮೊದಲ ಬಾಗಿಲಿನಾಚೆ ಇದೆ. ಮೇಡಂ ಬಂದಾಗ ಕೂಸು ಬಿಟ್ಟು ಅಲ್ಲಿಗೆ ಓಡ್ಲಾ?" ಎಂದಳು. ನಾನು ಮುಂದಿನ ವಾರ್ಡಿಗೆ ಹೋದೆ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೇಡಂ ಮೂವರು ಅತಿಥಿಗಳನ್ನು ಕರೆತಂದರು. ಪ್ರಮಾಣಪತ್ರ ಕೊಡುವವರು ಬರುವ ಮುಂಚೆ ಒಂದು ತಾಲೀಮು. ನಾನೂ ಜೊತೆಯಲ್ಲಿದ್ದೆ. ಬಾಗಿಲಲ್ಲಿ ಕೆಮ್ಮು ಕೇಳಿಸಿತು, ಕೋಳಿ ಸಿಸ್ಟರ್ ಸ್ಲೀವ್ ಏರಿಸಿಕೊಂಡು ನಾಲ್ಕನೆಯ ಪೆಟ್ಟಿಗೆಯ ಪಕ್ಕ ಕೈಕಟ್ಟಿ ನಿಂತಳು. ಅತಿಥಿಗಳು ಗೋಡೆಯ ಚಾರ್ಟು ಓದುತ್ತಿರುವಾಗಲೇ ನಾಲ್ಕನೆಯ ಪೆಟ್ಟಿಗೆಯ ಯಂತ್ರ ಕೂಗಿತು. ಕೂಸು ಉಸಿರು ನಿಲ್ಲಿಸಿತ್ತು, ತುಟಿ ನೀಲಿ. ಅವಳು ಒಂದು ಸಲ ತನ್ನ ತೋಳು ನೋಡಿಕೊಂಡಳು, ಒಂದು ಸಲ ಮೇಡಂ ಮುಖ ನೋಡಿದಳು. ಅದು ಅರೆಕ್ಷಣ. ಸ್ಲೀವ್ ಕಿತ್ತೊಗೆದು ಮತ್ತೆ ಕೈ ತೊಳೆಯುತ್ತ ನಿಂತಿದ್ದರೆ ಕೂಸು ಉಳಿಯುತ್ತಿರಲಿಲ್ಲ. ಕಿಂಡಿಯಲ್ಲಿ ಕೈ ತೂರಿಸಿ ಅಂಗಾಲು ತಟ್ಟಿದಳು, ಏಳಲಿಲ್ಲ. ಪುಟ್ಟ ಮಾಸ್ಕ್ ಇಟ್ಟು ಗಾಳಿ ಒತ್ತಿದಳು. ಅರ್ಧ ನಿಮಿಷ ಒತ್ತುತ್ತಲೇ ಇದ್ದಳು. ಆಮೇಲೆ ಕೂಸು ಕೆಂಪಗಾಗಿ ಬೆಕ್ಕಿನ ಮರಿಯ ಹಾಗೆ ಅತ್ತಿತು. ಅತಿಥಿಗಳಲ್ಲಿ ಒಬ್ಬರು, ಎಂಥ ಕೈಗುಣ ಎಂದು ಹೊಗಳಿದರು. ಮೇಡಂ ಮುಖ ಅರಳಿತು. ಆ ಒದ್ದೆ ಸ್ಲೀವನ್ನು ನಾನು ನೋಡಿದೆ, ಸುಮ್ಮನಿದ್ದೆ.

ಅದಾದ ಐದನೆಯ ದಿನ ಆ ಕೂಸು ಹಾಲು ಕುಡಿಯುವುದನ್ನು ಬಿಟ್ಟಿತು. ಮರುದಿನ ಇನ್ನೆರಡು ಕೂಸುಗಳಿಗೂ ಅದೇ ಲಕ್ಷಣ. ರಕ್ತದಲ್ಲಿ ಒಂದೇ ರೋಗಾಣು, ನೀರಿನ ತೇವದಲ್ಲಿ ಬೆಳೆಯುವಂಥದ್ದು. ಎರಡು ಕೂಸುಗಳು ಔಷಧಿಗೆ ಬಗ್ಗಿದವು. ನಾಲ್ಕನೆಯ ಪೆಟ್ಟಿಗೆಯದು ಏಳನೆಯ ದಿನ ಮಧ್ಯಾಹ್ನ ತೀರಿಕೊಂಡಿತು. ಅದರ ತಾಯಿ ಹೊಲಿಗೆ ಕೆಲಸದವಳು, ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗು. ಅದಕ್ಕೆಂದು ತಾನೇ ಹೊಲಿದ ಅಂಗೈಯಗಲದ ಅಂಗಿಯನ್ನು ಕೋಳಿ ಸಿಸ್ಟರ್ ಕೈಗೆ ಕೊಟ್ಟು, ನೀವೇ ತೊಡಿಸಿ ಎಂದಳು. ಇವಳು ತೊಡಿಸಿದಳು.

ಸೋಂಕು ಎಲ್ಲಿಂದ ಬಂತು ಎಂದು ಹುಡುಕುವುದು ನನ್ನ ಕೆಲಸ. ಹತ್ತಿ ಸುತ್ತಿದ ಕಡ್ಡಿಗಳಿಂದ ಹದಿನಾಲ್ಕು ಕಡೆ ಒರೆಸಿ ಲ್ಯಾಬಿಗೆ ಕೊಟ್ಟೆ. ಹನ್ನೆರಡು ಕಡೆ ಏನೂ ಇರಲಿಲ್ಲ. ಸಿಂಕಿನ ನಲ್ಲಿಯ ಬಾಯಲ್ಲಿರುವ ಜಾಲರಿಯಲ್ಲಿ ರೋಗಾಣು ತುಂಬಿ ತುಳುಕುತ್ತಿತ್ತು. ಅದರ ಪಕ್ಕ ನೇತಾಡುತ್ತಿದ್ದ ಸ್ಲೀವಿನಲ್ಲಿ ಸ್ವಲ್ಪ ಇತ್ತು. ಇದನ್ನು ಓದಲು ದೊಡ್ಡ ಓದು ಬೇಕಾಗಿಲ್ಲ. ನಲ್ಲಿಯ ನೀರು ಸ್ಲೀವಿಗೆ ಚಿಮ್ಮಿತ್ತು. ಉಳಿದ ಎರಡು ಕೂಸುಗಳನ್ನು ನೋಡಿಕೊಂಡವರು ಬೇರೆ ಸಿಸ್ಟರುಗಳು, ಸ್ಲೀವ್ ಇಲ್ಲದವರು, ಅದೇ ನಲ್ಲಿಯಲ್ಲಿ ನನ್ನ ನಿಯಮದ ಪ್ರಕಾರ ಎರಡು ನಿಮಿಷ ಕೈ ತೊಳೆದುಕೊಂಡವರು.

ಕಾಗದ ಹಿಡಿದು ಮೇಡಂ ಕೋಣೆಗೆ ಹೋದೆ. ಮಕ್ಕಳ ಡಾಕ್ಟರನ್ನೂ ಆಡಳಿತದವರನ್ನೂ ಕರೆಸಿದರು. ನಲ್ಲಿ ಎಂದು ಬರೆದರೆ ಆ ಕಟ್ಟಡದ ಕೊಳವೆಯೆಲ್ಲ ತಪಾಸಣೆಯಾಗಬೇಕು, ಘಟಕ ಮುಚ್ಚಬೇಕು, ಪ್ರಮಾಣಪತ್ರದವರು ಬರಲು ಇನ್ನು ಮೂರೇ ವಾರ. ಹೀಗೆಂದು ಆಡಳಿತದವರು ಬಹಳ ಹೊತ್ತು ಮಾತಾಡಿದರು. ಡಾಕ್ಟರು ಕಿಟಕಿಯಾಚೆ ನೋಡುತ್ತ ಕೂತರು. ಕೊನೆಗೆ ಮೇಡಂ ನನ್ನ ಕಡೆ ತಿರುಗಿದರು. "ನಲ್ಲಿ ಈ ಭಾನುವಾರವೇ ಬದಲಾಗುತ್ತೆ. ಇನ್ನು ಯಾವ ಕೂಸಿಗೂ ಏನೂ ಆಗಲ್ಲ. ನಿಮಗೆ ಬೇಕಾಗಿರೋದು ಅದೇ ತಾನೇ?"

ಬೇಕಾಗಿದ್ದದ್ದು ಅದೇ. ವರದಿಯನ್ನು ಅವರೇ ಟೈಪು ಮಾಡಿಸಿದ್ದರು. ರೋಗಾಣು ಸಿಬ್ಬಂದಿಯೊಬ್ಬರ ಸ್ಲೀವಿನಲ್ಲಿ ಪತ್ತೆಯಾಗಿದೆ, ಇತರ ಕಡೆ ಗಮನಾರ್ಹವಾದದ್ದೇನೂ ಕಂಡಿಲ್ಲ ಎಂದಿತ್ತು. ಕೆಳಗೆ ನನ್ನ ಹೆಸರು. ನಾನು ಹೆದರಿದೆ. ಮೇಡಂಗೆ ಹೆದರಿದೆನೋ, ಮುಚ್ಚಿದ ಘಟಕಕ್ಕೆ ಹೆದರಿದೆನೋ, ಆ ನಲ್ಲಿಯ ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕಾದವಳು ನಾನೇ ಎನ್ನುವುದು ಬಯಲಾಗುತ್ತದೆಂದು ಹೆದರಿದೆನೋ. ಮೂರನೆಯದೇ ಇರಬೇಕು. ಐದು ತಿಂಗಳಿಂದ ನಾನದನ್ನು ಬಿಚ್ಚಿರಲಿಲ್ಲ. ಸಹಿ ಹಾಕಿದೆ, ಅಕ್ಷರ ಸೊಟ್ಟಗಾಗಲಿಲ್ಲ.

ಭಾನುವಾರ ನಲ್ಲಿ ಬದಲಾಯಿತು. ಬುಧವಾರ ವಿಚಾರಣೆ. ಕೋಳಿ ಸಿಸ್ಟರ್ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಬಂದಳು, ತೋಳಿಗೆ ಹೊಸ ಸ್ಲೀವ್. ಸ್ಲೀವನ್ನು ಸಿಂಕಿನ ಬಳಿ ಯಾಕೆ ಇಟ್ಟೆ, ಅದನ್ನು ತೊಟ್ಟೇ ಯಾಕೆ ಕೂಸನ್ನು ಮುಟ್ಟಿದೆ ಎಂದು ಒಬ್ಬೊಬ್ಬರಾಗಿ ಕೇಳಿದರು. ಹಾಕು ಎಂದು ಹುಕುಂ ಮಾಡಿದವರೇ ಯಾಕೆ ಹಾಕಿದೆ ಎಂದು ಕೇಳುವುದನ್ನು ನಾನು ಅಲ್ಲೇ ಕೂತು ನೋಡಿದೆ. ಅವಳು ಕೊನೆಗೆ ನನ್ನ ಕಡೆ ಮಾತ್ರ ನೋಡಿ, ಕೂಸಿನ ರಕ್ತದಲ್ಲಿ ಇದ್ದದ್ದೂ ಸ್ಲೀವಿನಲ್ಲಿ ಇದ್ದದ್ದೂ ಒಂದೇನಾ ಎಂದು ಕೇಳಿದಳು. ಹೌದು ಎಂದೆ. ಅದು ನಿಜವೇ ಆಗಿತ್ತು. ಅವಳು ತಲೆಯಾಡಿಸಿದಳು. ಆಮೇಲೆ ಯಾರು ಏನು ಹೇಳಿದರೂ ಅವಳ ಕಿವಿಗೆ ಬೀಳುತ್ತಿದ್ದಂತೆ ಕಾಣಲಿಲ್ಲ.

ಕೆಲಸದಿಂದ ತೆಗೆದರು. ಹಚ್ಚೆ ಮುಚ್ಚಲು ಬಳಸಿದ ಬಟ್ಟೆಯ ವಿಷಯದಲ್ಲಿ ನಿರ್ಲಕ್ಷ್ಯ ಎಂದು ಕಾಗದದಲ್ಲಿ ಬರೆದರು. ಕಾಣುವ ಕಡೆ ಹಚ್ಚೆ ಇರುವವರನ್ನು ಇನ್ನು ಮುಂದೆ ಸೇರಿಸಿಕೊಳ್ಳುವುದಿಲ್ಲ ಎಂದು ಹೊಸ ನಿಯಮವನ್ನೂ ಮಾಡಿದರು, ತಪ್ಪೆಲ್ಲ ಕೋಳಿಯದೇ ಎನ್ನುವ ಹಾಗೆ. ಹೀಗೆ ತಿಪ್ಪೆ ಸಾರಿಸಿದ್ದಾಯಿತು. ಮೂರು ವಾರಕ್ಕೆ ಪ್ರಮಾಣಪತ್ರ ಬಂತು, ಚೌಕಟ್ಟು ಹಾಕಿಸಿ ಮುಂಬಾಗಿಲಲ್ಲಿ ನೇತುಹಾಕಿದರು. ಸೋಂಕು ಬೇಗ ಹತೋಟಿಗೆ ತಂದದ್ದಕ್ಕೆ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆದರು. ನಾನು ಎದ್ದು ನಿಂತೆ.

ಎರಡು ವರ್ಷ ನಾನು ಅವಳ ಮನೆ ಕಡೆ ತಲೆ ಹಾಕಲಿಲ್ಲ. ದಾರಿಯಲ್ಲಿ ಅವಳ ತಮ್ಮನ ಅಂಗಡಿ ಸಿಕ್ಕಿದರೆ ಎದುರಿನ ಬದಿಗೆ ದಾಟುತ್ತಿದ್ದೆ. ಹೋದ ತಿಂಗಳು ಅವನೇ ಆಸ್ಪತ್ರೆಯ ಕ್ಯಾಂಟೀನಿಗೆ ಹುಡುಕಿಕೊಂಡು ಬಂದ. ತನಗೆ ಮಗಳು ಹುಟ್ಟಿ ನಲವತ್ತು ದಿನವಾಯಿತು, ಅಕ್ಕ ಇನ್ನೂ ಮಗುವನ್ನು ಮುಟ್ಟಿಲ್ಲ ಎಂದ. ಒಂದೇ ಮನೆಯಲ್ಲಿದ್ದಾಳೆ, ಮಗು ಇರುವ ಕೋಣೆಯ ಹೊಸ್ತಿಲು ದಾಟುವುದಿಲ್ಲ. ದಿನಕ್ಕೆ ನಲವತ್ತು ಸಲ ಕೈ ತೊಳೆಯುತ್ತಾಳೆ, ಚರ್ಮ ಬಿರಿದು ರಕ್ತ ಬರುತ್ತದೆ. ಆ ಕೂಸನ್ನು ತಾನೇ ಕೊಂದೆ ಎಂದು ನಂಬಿಬಿಟ್ಟಿದ್ದಾಳೆ. "ನೀವು ಅವಳಿಗಿಂತ ದೊಡ್ಡವರು. ನೀವು ಹೇಳಿದ್ರೆ ಕೇಳ್ತಾಳೆ. ಏನಾದ್ರೂ ಹೇಳಿ ಅಕ್ಕಾ" ಎಂದ. ತಾನು ಆ ಹಕ್ಕಿ ಹಾಕದೆ ಇದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದೂ ಸೇರಿಸಿದ. ನನ್ನ ಎದುರಿಗೆ ಕೂತು ಅವನು ತನ್ನನ್ನು ಬೈದುಕೊಳ್ಳುತ್ತಿದ್ದ.

ಮರುದಿನ ಮಧ್ಯಾಹ್ನ ರಜೆ ಹಾಕಿ ಹೋದೆ. ಇರುವುದನ್ನು ಇದ್ದ ಹಾಗೆ ಹೇಳಿಬಿಡಬೇಕು, ಅವಳು ಉಗಿದರೆ ಉಗಿಸಿಕೊಳ್ಳಬೇಕು, ಎದ್ದು ಹೋಗಿ ಊರಿಗೆಲ್ಲ ಸಾರಿದರೆ ಸಾರಲಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಮನೆ. ಇಕ್ಕಟ್ಟಾದ ಮೆಟ್ಟಿಲು. ಅವಳು ಕಿಟಕಿಯ ಬಳಿ ಕೂತು ಪುಸ್ತಕ ಹೊಲಿಯುತ್ತಿದ್ದಳು. ಈಗ ಅದೇ ಅವಳ ಜೀವನೋಪಾಯ, ಬೈಂಡಿಂಗ್ ಅಂಗಡಿಯಿಂದ ಕಟ್ಟು ತಂದು ಮನೆಯಲ್ಲೇ ಹೊಲಿದು ಕೊಡುತ್ತಾಳೆ. ಕಾಗದಕ್ಕೆ ಸೋಂಕು ತಗುಲುವುದಿಲ್ಲವಲ್ಲ. ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಅಂಗಿ. ನನ್ನನ್ನು ಕಂಡು ಎದ್ದಳು, ಮುಖವೆಲ್ಲ ನಗುವಾಯಿತು, ಅಕ್ಕಾ ಎಂದಳು. ಅಷ್ಟು ಪ್ರೀತಿಗೆ ನಾನು ತಯಾರಾಗಿ ಹೋಗಿರಲಿಲ್ಲ.

ಚಹಾ ಮಾಡುವ ಮುಂಚೆ ಕೈ ತೊಳೆಯಲು ಗುಂಡಿ ಬಿಚ್ಚಿ ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಕೋಳಿಯ ತಲೆ, ಕುತ್ತಿಗೆ, ದಪ್ಪ ರೆಕ್ಕೆ ಹೋಗಿ ಬಿಳಿ ಮಚ್ಚೆಗಳಾಗಿದ್ದವು, ಕಾಲು ಮತ್ತು ಬಾಲ ಉಳಿದಿದ್ದವು. ಲೇಸರ್ ಹಾಕಿಸಿಕೊಂಡೆ, ಅರ್ಧಕ್ಕೆ ಬಿಟ್ಟೆ, ಅಳಿಸಿ ಏನು ಮಾಡಲಿ, ಆದದ್ದು ಅಳಿಯುತ್ತದೆಯೇ ಎಂದಳು. ಒಳಕೋಣೆಯಲ್ಲಿ ನಾದಿನಿ, ಅಂದರೆ ತಮ್ಮನ ಹೆಂಡತಿ, ಮಗುವಿಗೆ ಹಾಲು ಕುಡಿಸುತ್ತಿದ್ದಳು. ಇವಳು ಹೊಸ್ತಿಲ ಈಚೆ ನಿಂತು, ತಲೆ ಸ್ವಲ್ಪ ಎತ್ತಿ ಹಿಡಿ, ಈಗ ಭುಜಕ್ಕೆ ಹಾಕಿಕೊಂಡು ಬೆನ್ನು ಸವರು ಎಂದು ಹೇಳಿಕೊಡುತ್ತಿದ್ದಳು. ಒಂದೊಂದು ಮಾತೂ ಖಚಿತ. ಕೈಗಳೆರಡೂ ಬೆನ್ನ ಹಿಂದೆ.

ನಾದಿನಿ ಮಗುವನ್ನು ಮಲಗಿಸಿ ಬಟ್ಟೆ ಒಣಗಿಸಲು ಮೇಲೆ ಹೋದಳು. ನಾನು ಹೇಳಿದೆ. ನಲ್ಲಿಯ ಜಾಲರಿ, ಹದಿನಾಲ್ಕು ಕಡ್ಡಿಗಳು, ಮೇಡಂ ಕೋಣೆ, ಭಾನುವಾರ ಬದಲಾದ ನಲ್ಲಿ, ಐದು ತಿಂಗಳಿಂದ ಅದನ್ನು ಬಿಚ್ಚಿ ನೋಡದ ನಾನು. ಉಳಿದ ಎರಡು ಕೂಸುಗಳನ್ನು ನಿನ್ನ ಸ್ಲೀವ್ ಮುಟ್ಟಿಯೇ ಇರಲಿಲ್ಲ, ನಿನ್ನಿಂದ ಆ ಮಗು ಸಾಯಲಿಲ್ಲ ಎಂದೆ. ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನಾನೇ ಅತ್ತೆ. ಅವಳು ಕದಲದೆ ಕೇಳಿಸಿಕೊಂಡಳು. ಮುಗಿದ ಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನ ಮಂಡಿಯ ಮೇಲೆ ಕೈ ಇಡಲು ಬಂದು, ಇಡದೆ ಹಿಂದಕ್ಕೆ ತೆಗೆದುಕೊಂಡಳು.

"ತಮ್ಮ ಬಂದಿದ್ನಾ ನಿಮ್ಮ ಹತ್ರ?"

ಹೌದು ಎಂದೆ.

"ಗೊತ್ತಾಯ್ತು. ಪಾಪ, ಅವನಿಗೆ ನನ್ನದೇ ಯೋಚನೆ. ನಿಮಗೂ ಎಷ್ಟು ಕಷ್ಟ ಕೊಟ್ಟ ನೋಡಿ."

ನಾನು ಸಮಾಧಾನಕ್ಕೆ ಹೇಳುತ್ತಿಲ್ಲ, ಸುಳ್ಳಿಗೆ ಸಹಿ ಹಾಕಿದವಳು ನಾನು ಎಂದೆ.

ಅವಳು ನಕ್ಕಳು, ಚಿಕ್ಕವರನ್ನು ನೋಡಿ ನಗುವ ಹಾಗೆ. "ನೀವಾ? ಹನ್ನೊಂದು ವರ್ಷ ನೋಡಿದೀನಿ ಅಕ್ಕಾ ನಿಮ್ಮನ್ನ. ಕೈ ತೊಳೀದೆ ಒಳಗೆ ಬಂದ್ರು ಅಂತ ದೊಡ್ಡ ಡಾಕ್ಟರನ್ನೇ ಎಲ್ಲರೆದುರು ಆಚೆಗೆ ಕಳಿಸಿದೋರು ನೀವು. ನೀವು ಸುಳ್ಳಿಗೆ ಸಹಿ ಹಾಕೋರಲ್ಲ. ಆವತ್ತು ವಿಚಾರಣೇಲಿ ಬೇರೆ ಯಾರೇ ಹೇಳಿದ್ರೂ ನಾನು ನಂಬ್ತಿರ್ಲಿಲ್ಲ. ನೀವು ಹೌದು ಅಂದ್ರಿ, ಅದಕ್ಕೆ ನಂಬಿದೆ."

ಲ್ಯಾಬಿನಲ್ಲಿ ಆ ತಿಂಗಳ ಪುಸ್ತಕ ಇದೆ, ನಲ್ಲಿಯ ಸಾಲು ಅದರಲ್ಲಿ ಈಗಲೂ ಇದೆ, ತಂದು ತೋರಿಸುತ್ತೇನೆ ಎಂದು ನಾನು ಹೆಚ್ಚುಕಡಿಮೆ ಕೂಗಿದೆ.

"ಬೇಡ ಅಕ್ಕಾ. ನನಗೋಸ್ಕರ ಪುಸ್ತಕ ತಿದ್ದೋಕೆಲ್ಲ ಹೋಗ್ಬೇಡಿ. ನಿಮ್ಮ ಹೆಸರು ಕೆಟ್ಟೋಗುತ್ತೆ."

ಆಣೆ ಇಟ್ಟು ಹೇಳಿದ್ದರೆ ಇನ್ನಷ್ಟು ಮರುಗುತ್ತಿದ್ದಳು ಅಷ್ಟೆ. ಎರಡು ವರ್ಷದ ಹಿಂದೆ ಹೇಳಬೇಕಾದದ್ದನ್ನು ಈಗ ಹೊತ್ತು ತಂದಿದ್ದೆ, ಅದನ್ನು ಇಳಿಸಲು ಆ ಮನೆಯಲ್ಲಿ ಜಾಗವಿರಲಿಲ್ಲ.

ಒಳಗೆ ಮಗು ಎದ್ದು ಅಳತೊಡಗಿತು. ಅವಳು ತಟ್ಟನೆ ಎದ್ದು 'ನೋಡಮ್ಮ' ಎಂದು ಮೇಲಿನ ಮೆಟ್ಟಿಲ ಕಡೆ ಕೂಗಿದಳು. ನಾದಿನಿಗೆ ಕೇಳಿಸಲಿಲ್ಲ. ಅಳು ಏರಿತು. ಅವಳು ಹೊಸ್ತಿಲವರೆಗೆ ಹೋದಳು, ಪಾದದ ತುದಿ ಹೊಸ್ತಿಲಿಗೆ ತಾಗಿತು. ಮೈಯೆಲ್ಲ ಮುಂದಕ್ಕೆ ವಾಲಿತ್ತು, ಕೈಗಳು ಮಾತ್ರ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡು ಬಿಳಿಚಿಕೊಂಡಿದ್ದವು. ಆಮೇಲೆ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು.

"ಅಕ್ಕಾ, ನೀವು ಎತ್ಕೊಳ್ಳಿ. ನಿಮ್ಮ ಕೈಯಾದ್ರೆ ಭಯ ಇಲ್ಲ."

ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬಂದೆ. ಮಗುವನ್ನು ಎತ್ತಿಕೊಂಡೆ. ಅವಳು ಬಾಗಿಲಲ್ಲೇ ನಿಂತು, ಕುತ್ತಿಗೆಗೆ ಆಸರೆ ಕೊಡಿ, ಹಾಗೇ, ಹಾಗೇ ಎಂದು ಹೇಳುತ್ತಿದ್ದಳು.